ಪಂಚಾಕ್ಷರಪ್ಪನವರ ಇಚ್ಛಾಭೋಜನ ಯಂತ್ರ

"ಇಗೋ, ನೋಡ್ರಿ" ಎಂದು ಪಂಚಾಕ್ಷರಪ್ಪನವರು ಹಳೆಯ ಹೊದಿಕೆಯನ್ನು ಸರ್ರನೆ ಎಳೆದಾಗ ದಾಕ್ಷಾಯಣಮ್ಮನಿಗೆ ಮೊದಲು ಕಂಡದ್ದು, ತಾನು ಎಷ್ಟೋ ದಿನದಿಂದ ಹುಡುಕುತ್ತಿದ್ದ ಪಾಯಸದ ಸೌಟು. ಆಮೇಲೆ ಕಂಡದ್ದು ಬಚ್ಚಲ ಮನೆಯಿಂದ ಕಾಣೆಯಾಗಿದ್ದ ಸ್ಟೀಲಿನ ಬಕೆಟ್ಟು. ಇವೆರಡರ ನಡುವೆ ಇದ್ದದ್ದೇ ಯಂತ್ರ.

ಯಂತ್ರ ಆಳಿನ ಎದೆಮಟ್ಟಕ್ಕೆ ಇತ್ತು. ಕೆಳಗೆ ಗಾಲಿಗಳು, ಹೊಟ್ಟೆಯ ಭಾಗದಲ್ಲಿ ಸಾಲಾಗಿ ಡಬ್ಬಿಗಳು, ಬೆನ್ನಿಗೆ ಕಟ್ಟಿದ ಮುತ್ತುಗದ ಎಲೆಗಳ ಕಟ್ಟು, ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಸೌಟು. ತಲೆ ಇರಬೇಕಾದ ಜಾಗದಲ್ಲಿ ಒಂದು ಕ್ಯಾಮೆರಾ, ಅದರ ಮೇಲೊಂದು ಬಿಳಿ ಟೋಪಿ.

"ಟೋಪಿ ಯಾಕ್ರಿ ಅದಕ್ಕೆ?" ಎಂದು ದಾಕ್ಷಾಯಣಮ್ಮ ಕೇಳಿದರು.

"ಊಟದಾಗೆ ಕೂದಲು ಬೀಳಬಾರದಲ್ಲ."

ಯಂತ್ರಕ್ಕೆ ಕೂದಲೇ ಇರಲಿಲ್ಲ. ಅದನ್ನು ಮಾಡಿದವರ ತಲೆಯಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ದಾವಣಗೆರೆಯ ಮುಚ್ಚಿಹೋದ ಬಟ್ಟೆ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಗಂಡನೊಡನೆ ಸಂಸಾರ ಮಾಡಿ ದಾಕ್ಷಾಯಣಮ್ಮನಿಗೆ ಒಂದು ಮಾತು ಗೊತ್ತಾಗಿತ್ತು. ಗಿರಣಿ ಮುಚ್ಚಬಹುದು, ರಿಪೇರಿಯವನ ಕೈ ಮುಚ್ಚುವುದಿಲ್ಲ. ರೊಟ್ಟಿ ಬಡಿಯುವ ಯಂತ್ರವೊಂದು ಈ ಮನೆಯಲ್ಲಿ ಹುಟ್ಟಿ ರೊಟ್ಟಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಬಡಿದಿತ್ತು. ಅಡ್ಡ ಬಂದ ಬೀಗರನ್ನೂ ಸೇರಿಸಿ. ಮಗ ಕೊಟ್ರೇಶನಿಗೆ ಇದೆಲ್ಲ ತಿಳಿದದ್ದರಿಂದಲೇ ಅಪ್ಪ ಹೊದಿಕೆಗೆ ಕೈ ಹಾಕುವ ಮೊದಲೇ ಅಂಗಡಿಯ ನೆವ ಹೇಳಿ, ಭಾನುವಾರವೆಂಬುದನ್ನೂ ಲೆಕ್ಕಿಸದೆ ಮನೆಯಿಂದ ಜಾರಿಕೊಂಡಿದ್ದ.

"ಇದರ ಹೆಸರು ಇಚ್ಛಾಭೋಜನ ಯಂತ್ರ" ಎಂದರು ಪಂಚಾಕ್ಷರಪ್ಪನವರು. "ನಮ್ಮ ಗುಂಡನಿಗೆ ಏನು ಬೇಕು, ಎಷ್ಟು ಬೇಕು, ಯಾವಾಗ ಸಾಕು ಅನ್ನೋದನ್ನ ಅವನ ಮುಖ ನೋಡೇ ತಿಳ್ಕೊಳ್ಳುತ್ತೆ. ಅತ್ತೆಸೊಸೆ ಜಗಳ ಇವತ್ತಿಗೆ ಮುಗೀತು."

ಜಗಳ ಮುಗಿಯಲೇಬೇಕಾಗಿತ್ತು. ಸೊಸೆ ಚೇತನಾಳ ಹೆರಿಗೆ ರಜೆ ಮುಗಿದು, ಮಾರನೆಯ ದಿನ ಅವಳು ಶಾಲೆಗೆ ಪಾಠ ಮಾಡಲು ಹೋಗಬೇಕು. ಮೊಮ್ಮಗ ತನ್ಮಯ, ಮನೆಯವರ ಬಾಯಲ್ಲಿ ಗುಂಡ, ಏಳು ತಿಂಗಳ ಕೂಸು. ತಾಯಿಯ ಹಾಲು ಬಿಟ್ಟು ಬೇರೊಂದು ಅಗುಳನ್ನೂ ಅವನು ನಾಲಿಗೆಗೆ ಸೋಕಿಸಿಕೊಂಡಿರಲಿಲ್ಲ. ಅನ್ನ ಉಣಿಸುವ ಶಾಸ್ತ್ರದ ದಿನ ಸೋದರಮಾವ ಬೆಳ್ಳಿ ಚಮಚದಲ್ಲಿ ಪಾಯಸ ಹಿಡಿದದ್ದೇ ಸರಿ, ಗುಂಡ ತುಟಿಗೆ ಬೀಗ ಹಾಕಿದ. ಅಂದಿನಿಂದ ಯಾರ ಕೈ ಬಾಯಿಯ ಹತ್ತಿರ ಬಂದರೂ ಮುಖ ತಿರುಗಿಸುತ್ತಾನೆ. ರಾಗಿ ಸರಿ ಮಾಡಿದ್ದಾಯಿತು, ಅಕ್ಕಿ ಸರಿ ಮಾಡಿದ್ದಾಯಿತು, ಕಾಗೆ ತೋರಿಸಿದ್ದಾಯಿತು, ಗುಮ್ಮನನ್ನು ಕರೆದದ್ದಾಯಿತು.

ಮಕ್ಕಳ ಡಾಕ್ಟರು ಚೇತನಾಳಿಗೆ ಬೇರೆಯೇ ದಾರಿ ಹೇಳಿದ್ದರು. ಕೂಸು ಆಸರೆಯಿಲ್ಲದೆ ಕೂರುತ್ತದೆ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯುತ್ತದೆ. ಇನ್ನು ಮೆತ್ತಗೆ ಬೇಯಿಸಿದ ತರಕಾರಿಯನ್ನು ಬೆರಳುದ್ದ ಕತ್ತರಿಸಿ ಅದರ ಮುಂದಿಡಿ, ಪಕ್ಕದಲ್ಲೇ ಕೂತು ನೋಡಿಕೊಳ್ಳಿ. ತಿಂದರೆ ತಿನ್ನಲಿ, ಹಿಚುಕಿದರೆ ಹಿಚುಕಲಿ, ತುರುಕಲು ಮಾತ್ರ ಹೋಗಬೇಡಿ ಎಂದು.

ಇದನ್ನು ಕೇಳಿ ದಾಕ್ಷಾಯಣಮ್ಮನ ಎದೆ ಧಸಕ್ಕೆಂದಿತ್ತು.

"ಏಳು ತಿಂಗಳ ಕೂಸಿನ ಕೈಗೆ ಕ್ಯಾರೆಟ್ ಕೊಡ್ತಾರೇನೆ? ಹಲ್ಲೆಲ್ಲಿ ಅದಾವೆ ಅದಕ್ಕೆ?"

"ಬೆಣ್ಣೆಯಂಗೆ ಬೇಯ್ಸಿರ್ತೀನಿ ಅತ್ತೆ. ವಸಡಿನಾಗೇ ಅರೀತಾನೆ."

"ಎಷ್ಟು ತಿನ್ಬೇಕು ಅಂತ ಅದಕ್ಕೇನು ಗೊತ್ತಾಗುತ್ತೆ?"

"ಹಸಿವು ಅವನದಲ್ವಾ ಅತ್ತೆ? ನಮಗಿಂತ ಅವನಿಗೇ ಚೆನ್ನಾಗಿ ಗೊತ್ತು."

ದಾಕ್ಷಾಯಣಮ್ಮನಿಗೆ ಗೊತ್ತಿದ್ದ ದಾರಿ ಒಂದೇ, ಒಳಲೆ. ಮೂತಿ ಇರುವ ಪುಟ್ಟ ಬಟ್ಟಲು ಅದು. ಕೂಸನ್ನು ನೀಡಿದ ಕಾಲಿನ ಮೇಲೆ ಮಲಗಿಸಿಕೊಂಡು, ಅಳಲು ಬಾಯಿ ತೆರೆದೊಡನೆ ಸುರಿದುಬಿಡಬೇಕು. ಅವರ ಮಕ್ಕಳೆಲ್ಲ ಹಾಗೆಯೇ ಉಂಡು ಕಂಬದ ಹಾಗೆ ಬೆಳೆದಿದ್ದರು. ನಾಳೆಯಿಂದ ದಿನವೂ ಸಂಜೆಯವರೆಗೆ ಕೂಸಿನ ಜೊತೆ ಇರುವವರು ತಾವು. ಅದು ಹಸಿದು ಅತ್ತರೆ ಕೇಳಬೇಕಾದವರೂ ತಾವೇ. ಕೊನೆಗೆ ಅತ್ತೆಸೊಸೆಯರ ನಡುವೆ ಒಂದು ಕರಾರಾಯಿತು. ಇವತ್ತು ಸಂಜೆಯೊಳಗೆ ಗುಂಡ ತಾನಾಗಿ ಒಂದು ತುತ್ತು ತಿಂದರೆ ಸೊಸೆಯ ದಾರಿ. ತಿನ್ನದಿದ್ದರೆ ನಾಳೆಯಿಂದ ಒಳಲೆ, ಆಗ ಚೇತನಾ ಚಕಾರ ಎತ್ತುವಂತಿಲ್ಲ. ಚೇತನಾ ಒಪ್ಪಿದಳು, ಒಪ್ಪಿ ಒಳಕೋಣೆಗೆ ಹೋಗಿ ಸ್ವಲ್ಪ ಅತ್ತಳು. ದಾಕ್ಷಾಯಣಮ್ಮನಿಗೂ ಗೆದ್ದ ಖುಷಿಯೇನೂ ಇರಲಿಲ್ಲ. ತನ್ನ ಕೈ ಕಂಡರೆ ಮೊಮ್ಮಗ ಮುಖ ತಿರುಗಿಸುತ್ತಾನಲ್ಲ ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು. ಹೇಳಿಕೊಂಡರೆ ಸೊಸೆಯ ಎದುರು ಸಣ್ಣವರಾದೇವೆಂದು ಹೇಳದೆ ಉಳಿದಿದ್ದರು.

ಪ್ರದರ್ಶನಕ್ಕೆ ಹೊರಗಿನವರೆಂದು ಬಂದಿದ್ದವರು ಒಬ್ಬರೇ, ಎದುರುಮನೆಯ ಬಕ್ಕೇಶಪ್ಪ. ಫೋಟೋ ಸ್ಟುಡಿಯೋ ಇಟ್ಟುಕೊಂಡು ಆಯುಷ್ಯವೆಲ್ಲ ಮದುವೆ ವಿಡಿಯೋ ತೆಗೆದವರು. ಅವರು ಇವತ್ತು ಬರಿಯ ನೋಡುಗರಲ್ಲ, ಯಂತ್ರದ ಗುರುಗಳು ಎಂದು ಪಂಚಾಕ್ಷರಪ್ಪನವರೇ ಪರಿಚಯ ಮಾಡಿಸಿದರು.

"ಇದಕ್ಕೆ ನಾನು ಏನೂ ಹೇಳ್ಕೊಟ್ಟಿಲ್ಲ. ಮನುಷ್ಯರು ಉಣ್ಣೋದನ್ನ ನೋಡಿ ನೋಡಿ ತಾನೇ ಕಲ್ತೈತೆ. ಈಗಿನ ಕಾಲದ ಬುದ್ಧಿ ಇರೋದೇ ಹಂಗೆ, ತೋರಿಸಿದ್ರೆ ಸಾಕು. ಆದ್ರೆ ತೋರ್ಸೋಕೆ ಅಷ್ಟು ಊಟ ಎಲ್ಲಿಂದ ತರೋದು? ಬಕ್ಕೇಶಪ್ಪನ ಹತ್ರ ಮದುವೆ ವಿಡಿಯೋ ಇದ್ವು ನೋಡು."

"ಎಲ್ಲಾ ಮದುವೇಲೂ ಊಟದ ಹಾಲ್ ಶೂಟ್ ಮಾಡ್ಲೇಬೇಕಲ್ರಿ" ಎಂದು ಬಕ್ಕೇಶಪ್ಪ ವಿನಯದಿಂದ ಹೇಳಿದರು. "ಈ ಊರಿನ ಅರ್ಧ ಜನ ಬಾಯಿ ತೆರೆದಿದ್ದು ನನ್ನ ಹತ್ರ ಐತೆ."

ಗುಂಡನನ್ನು ಕುಳ್ಳ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಮುಂದೆ ಹಲಗೆ ಇಟ್ಟದ್ದಾಯಿತು. ಡಬ್ಬಿಗಳಲ್ಲಿ ಚೇತನಾ ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ, ಗೆಣಸು, ಇಡ್ಲಿಯ ಚೂರು, ಮಾಗಿದ ಬಾಳೆಹಣ್ಣು. ದೊಡ್ಡವರಿಗೆಂದು ದಾಕ್ಷಾಯಣಮ್ಮ ಶಾವಿಗೆ ಪಾಯಸ ಮಾಡಿ ಪಕ್ಕದಲ್ಲಿ ಇಟ್ಟಿದ್ದರು. ಸಂಭ್ರಮ ಮಾಡಬೇಕಾಗಿ ಬಂದರೆ ಇರಲಿ ಎಂದು ಪಂಚಾಕ್ಷರಪ್ಪನವರು ಪೇಟೆಯಿಂದ ಮಂಡಕ್ಕಿ, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದು ಅಡುಗೆಮನೆಯಲ್ಲಿ ಇಟ್ಟಿದ್ದರು.

"ನಿಲ್ಸೋದು ಹೆಂಗೆ ಇದನ್ನ?" ಎಂದು ದಾಕ್ಷಾಯಣಮ್ಮ ಮುಂಚಿತವಾಗಿಯೇ ಕೇಳಿದರು. ಬೆಂದವರು ಕೇಳುವ ಪ್ರಶ್ನೆ ಅದು.

"ಸಾಕು ಅಂದ್ರೆ ನಿಲ್ಲುತ್ತೆ. ಕೂಸು ಒತ್ತಿಬಿಟ್ಟೀತು ಅಂತ ಸ್ವಿಚ್ಚನ್ನ ಒಳಗಡೆ ಇಟ್ಟೀನಿ. ಸ್ಕ್ರೂ ಬಿಚ್ಚಿದ್ರೆ ಸಿಗುತ್ತೆ."

ಯಂತ್ರ ಮೆಲ್ಲಗೆ ಗುಂಡನ ಮುಂದೆ ಉರುಳಿ ನಿಂತಿತು. "ಸಾವಕಾಶ ಊಟ ಮಾಡ್ರಿ" ಎಂದಿತು. ದನಿ ಅಪ್ಪಟ ಬಡಿಸುವವನ ದನಿ, ಗಡಸು, ಪ್ರೀತಿಯದು. ಒಂದೇ ಒಂದು ಕ್ಯಾರೆಟ್ ತುಂಡನ್ನು ಹಲಗೆಯ ಮೇಲೆ ನಾಜೂಕಾಗಿ ಇಟ್ಟಿತು. ಗುಂಡ ಅದನ್ನೇ ನೋಡಿದ. ಕ್ಯಾರೆಟ್ಟಿನ ಬಣ್ಣ ಅವನ ಕಣ್ಣಿಗೆ ಹಿಡಿಸಿತೆಂದು ಎಲ್ಲರಿಗೂ ಕಂಡಿತು. ಎರಡೂ ಕೈ ಮೆಲ್ಲಗೆ ಮೇಲೆದ್ದವು, ಕ್ಯಾರೆಟ್ಟಿನ ಮೇಲೆ ಬಂದವು. ಚೇತನಾ ಉಸಿರು ಬಿಗಿಹಿಡಿದು ಅತ್ತೆಯ ಮುಂಗೈ ಹಿಡಿದುಕೊಂಡಳು. ದಾಕ್ಷಾಯಣಮ್ಮ ಬಿಡಿಸಿಕೊಳ್ಳಲಿಲ್ಲ.

"ಕೈ ಅಡ್ಡ ಹಿಡೀಬ್ಯಾಡ್ರಿ" ಎಂದಿತು ಯಂತ್ರ. ಆ ಪುಟ್ಟ ಕೈಗಳ ಮೇಲೆಯೇ ಸೌಟು ತುಂಬ ಕುಂಬಳಕಾಯಿ ಸುರಿಯಿತು.

ಗುಂಡ ಬೆಚ್ಚಿ ಕೈ ಹಿಂದೆಳೆದುಕೊಂಡು ಮುಖ ತಿರುಗಿಸಿದ.

"ನಾಚ್ಕೋಬ್ಯಾಡ್ರಿ." ಗೆಣಸು ಬಿತ್ತು.

ಗುಂಡ ಆ ಕಡೆಗೆ ತಿರುಗಿದ. "ನಿಮ್ಮನೆ ಅಂತ ತಿಳ್ಕೊಳ್ರಿ." ಇಡ್ಲಿ ಬಿತ್ತು. ಗುಂಡ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ. "ಏನ್ರಿ, ಏನೂ ಉಣ್ಲೇ ಇಲ್ಲ ನೀವು" ಎಂದು ಯಂತ್ರ ಮನಸ್ಸು ನೊಂದ ದನಿಯಲ್ಲಿ ಹೇಳಿ ಬಾಳೆಹಣ್ಣಿನ ಡಬ್ಬಿಗೆ ಕೈ ಹಾಕಿತು. ನೋಡನೋಡುತ್ತ ಹಲಗೆಯ ಮೇಲೆ ಗುಡ್ಡ ಎದ್ದಿತು. ಗುಡ್ಡದ ಆಚೆ ಮೊಮ್ಮಗನ ಜುಟ್ಟು ಮಾತ್ರ ಕಾಣುತ್ತಿತ್ತು.

ಪಂಚಾಕ್ಷರಪ್ಪನವರು ಮುಂದೆ ಬಂದು, ಗಿರಣಿಯಲ್ಲಿ ಆಳುಗಳಿಗೆ ಹೇಳುತ್ತಿದ್ದ ಗತ್ತಿನಲ್ಲಿ "ಸಾಕು" ಎಂದರು.

ಯಂತ್ರ ಗರ್ರನೆ ಅವರತ್ತ ತಿರುಗಿತು. ಬೆನ್ನಿನಿಂದ ಒಂದು ಮುತ್ತುಗದ ಎಲೆ ತೆಗೆದು ಅವರ ಎರಡೂ ಕೈಯಲ್ಲಿ ಇಟ್ಟಿತು. "ಸಾಕು ಅಂದ್ರೆ ಹೆಂಗ್ರಿ? ಇನ್ನೊಂದೇ ಒಂದು."

"ಸಾಕು ಅಂದ್ನಲ್ಲ. ಸಾಕು, ಸಾಕು!"

ಒಂದೊಂದು ಸಾಕಿಗೆ ಒಂದೊಂದು ಸೌಟು. ಪಂಚಾಕ್ಷರಪ್ಪನವರ ಕೈಯ ಎಲೆ ಭಾರಕ್ಕೆ ಬಾಗತೊಡಗಿತು.

ಇಲ್ಲಿ ಒಂದು ತೊಡಕು ಬಂತು. ಸ್ಕ್ರೂ ಬಿಚ್ಚಲು ಕೈ ಬೇಕು. ಕೈಯಲ್ಲಿ ಎಲೆ ಇದೆ. ಎಲೆ ತುಂಬ ಊಟ ಇದೆ. ಅನ್ನ ಚೆಲ್ಲಿದರೆ ಶಿವ ಮೆಚ್ಚುವುದಿಲ್ಲ ಎಂದು ಎಳವೆಯಿಂದ ಕೇಳಿ ಬೆಳೆದ ಮನುಷ್ಯ ತುಂಬಿದ ಎಲೆಯನ್ನು ಎಸೆಯುವುದು ಹೇಗೆ? ಅವರು ಅದನ್ನು ಇಡಲು ಜಾಗ ಹುಡುಕುತ್ತ ಪಡಸಾಲೆಯಲ್ಲೆಲ್ಲ ಸುತ್ತಿದರು. ಯಂತ್ರ ಹಿಂದೆಯೇ ಸುತ್ತಿತು.

"ಬಕ್ಕೇಶಪ್ಪಾ, ಸ್ಕ್ರೂಡ್ರೈವರ್ ಆ ಕಿಟಕಿಯಾಗೈತೆ, ತಗಳಪ್ಪಾ!"

ಬಕ್ಕೇಶಪ್ಪ ಕಿಟಕಿಗೆ ಕೈ ಚಾಚಿದರು. ಚಾಚಿದ ಕೈಗೆ ಎಲೆ ಬಂತು. ಎಲೆಗೆ ಪಕ್ಕದ ಪಾತ್ರೆಯ ಪಾಯಸ ಬಂತು.

"ಬ್ಯಾಡ ಮಾರಾಯ, ನಂಗೆ ಶುಗರ್ ಐತೆ."

"ಶುಗರ್ ಇದ್ದೋರಿಗೂ ಇದು ಏನೂ ಆಗಲ್ರಿ. ಸಾವಯವ ಬೆಲ್ಲದ್ದು" ಎಂದು ಯಂತ್ರ ಇನ್ನಷ್ಟು ಸುರಿಯಿತು.

ಪಾಯಸ ಮುಂಗೈ ದಾಟಿ ಮೊಣಕೈಗೆ ಇಳಿಯುತ್ತಿರುವಾಗ ಬಕ್ಕೇಶಪ್ಪನ ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. ಆ ಮಾತನ್ನು ಅವರು ಎಲ್ಲೋ ಕೇಳಿದ್ದರು. ಎಲ್ಲೋ ಏನು, ತಾವೇ ರೆಕಾರ್ಡ್ ಮಾಡಿದ್ದರು.

"ಅಯ್ಯೋ ಪಂಚಾಕ್ಷರಪ್ಪಾರೆ, ಕೆಟ್ಟೆವಲ್ರಿ" ಎಂದರು. "ಮದುವೆ ಊಟದಾಗೆ ಬಾಯಿಬಿಟ್ಟು ಹಾಕು ಅಂತ ಯಾರು ಕೇಳ್ತಾರೆ? ಎಲ್ಲರೂ ಬ್ಯಾಡ ಅಂತಾರೆ. ಎಲೆಗೆ ಕೈ ಅಡ್ಡ ಹಿಡೀತಾರೆ, ತಲೆ ಆಡಿಸ್ತಾರೆ, ಮುಖ ತಿರುಗಿಸ್ತಾರೆ. ಬಡಿಸೋನು ಬಿಡಲ್ಲ, ಹಾಕ್ತಾನೆ. ಹಾಕಿದ್ದನ್ನ ಅವ್ರು ಉಣ್ತಾರೆ. ಇದು ಅದನ್ನೇ ನೋಡಿ ಕಲ್ತೈತೆ. ಬ್ಯಾಡ ಅಂದ್ರೆ ಬೇಕು ಅಂತ ತಿಳ್ಕೊಂಡೈತೆ ಇದು!"

ಯಂತ್ರವನ್ನು ಬೈಯುವಂತೆಯೂ ಇರಲಿಲ್ಲ. ಈ ಊರಿನವರು ತಮ್ಮ ಇಡೀ ನಾಗರಿಕತೆಯನ್ನೇ ಅದರ ಕೈಗೆ ಕೊಟ್ಟಿದ್ದರು, ಅದು ಚಾಚೂ ತಪ್ಪದೆ ಪಾಲಿಸುತ್ತಿತ್ತು.

"ಅತ್ತೆ, ನೀವಾದ್ರೂ ಗುಂಡನ್ನ ಎತ್ಕೊಳ್ರಿ" ಎಂದು ಚೇತನಾ ಕೂಗಿದಳು. ಅಷ್ಟರಲ್ಲಿ ಅವಳ ಕೈಗೂ ಎಲೆ ಬಂದಿತ್ತು.

ದಾಕ್ಷಾಯಣಮ್ಮ ಕುರ್ಚಿಯತ್ತ ಹೆಜ್ಜೆ ಇಟ್ಟರು. ಯಂತ್ರ ಅಡ್ಡ ಬಂದು ಎಲೆ ಚಾಚಿತು. ಅವರ ಬಾಯಿಂದ ತಾನಾಗಿ ಮಾತು ಹೊರಟಿತು. ಈ ಮನೆಗೆ ಸೊಸೆಯಾಗಿ ಬಂದ ಲಾಗಾಯ್ತು ದಿನಕ್ಕೆ ಎರಡು ಹೊತ್ತು ಆಡಿದ ಮಾತು. "ನಂಗೆ ಬ್ಯಾಡಪ್ಪಾ. ಅವ್ರೆಲ್ಲ ಉಣ್ಲಿ. ಆಮೇಲೆ ಉಳಿದ್ರೆ ನೋಡಾಣ."

ಯಂತ್ರ ಗಕ್ಕನೆ ನಿಂತಿತು. ಅದರ ಕ್ಯಾಮೆರಾ ದಾಕ್ಷಾಯಣಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಅಷ್ಟು ಮದುವೆಗಳಲ್ಲಿ ಅಷ್ಟು ಪಂಕ್ತಿಗಳಲ್ಲಿ ಇಷ್ಟು ಗಟ್ಟಿಯಾದ ಬೇಡವನ್ನು ಅದು ಕಂಡಿರಲಿಲ್ಲ. ಅದರ ಲೆಕ್ಕದಲ್ಲಿ ದಾವಣಗೆರೆ ಸೀಮೆಗೇ ಅತ್ಯಂತ ಹಸಿದ ಹೆಂಗಸು ಈಕೆ. ಲೆಕ್ಕ ತೀರ ತಪ್ಪೇನೂ ಆಗಿರಲಿಲ್ಲ. ಬೆಳಗಿನಿಂದ ದಾಕ್ಷಾಯಣಮ್ಮ ಒಂದು ಲೋಟ ಚಹಾ ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ, ಮತ್ತು ಅದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ.

ಎಲೆಯ ಮೇಲೆ ಎಲೆ ಇಟ್ಟು ಯಂತ್ರ ಅವರಿಗೆ ಬಡಿಸಿತು. ಎಲೆ ತುಂಬಿದ ಮೇಲೂ ಅದಕ್ಕೆ ತೃಪ್ತಿಯಾಗಲಿಲ್ಲ. ಮದುವೆಗಳಲ್ಲಿ ಬೀಗರು ಬೀಗರ ಬಾಯಿಗೆ ಸಿಹಿ ತುರುಕುವುದನ್ನೂ ಅದು ನೋಡಿತ್ತು. ಸೌಟು ಮೇಲೆದ್ದಿತು, ದಾಕ್ಷಾಯಣಮ್ಮನ ಮುಖದತ್ತ ಬಂತು. "ಆ ಅನ್ರಿ" ಎಂದಿತು ಯಂತ್ರ.

ದಾಕ್ಷಾಯಣಮ್ಮ ತುಟಿ ಬಿಗಿದು ಮುಖ ತಿರುಗಿಸಿದರು. ಸೌಟು ಆ ಕಡೆಗೂ ಬಂತು. ಈ ಕಡೆಗೆ ತಿರುಗಿದರು. ಈ ಕಡೆಗೂ ಬಂತು. ಬಾಯಿ ತೆರೆದು ಬೈಯೋಣವೆಂದರೆ ತೆರೆದ ಬಾಯಿಗೆ ಬಾಳೆಹಣ್ಣು ಬಿತ್ತು. ಕೆನ್ನೆ, ಗದ್ದ, ಮೂಗಿನ ತುದಿ ಎಲ್ಲ ಅಂಟಂಟಾದವು. ಕಣ್ಣಲ್ಲಿ ನೀರು ಬಂತು. ಬಾಳೆಹಣ್ಣಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ, ಹೊಟ್ಟೆ ಹಸಿದೂ ಇತ್ತು. ಆದರೂ ಆ ಸೌಟು ಕಂಡರೆ ತುಟಿ ತಾನಾಗಿ ಬಿಗಿಯುತ್ತಿತ್ತು. ಗುಡ್ಡದ ಆಚೆಯಿಂದ ಮೊಮ್ಮಗ ಕತ್ತು ಚಾಚಿ ಅವರನ್ನೇ ನೋಡುತ್ತಿದ್ದ. ಅಜ್ಜಿಗೆ ಆಗುತ್ತಿರುವುದು ಏನೆಂದು ಆ ಮನೆಯಲ್ಲಿ ಸರಿಯಾಗಿ ಗೊತ್ತಿದ್ದವನು ಅವನೊಬ್ಬನೇ. ಇವನು ಮುಖ ತಿರುಗಿಸುತ್ತಿದ್ದದ್ದು ನನ್ನಿಂದಲ್ಲ, ಬಲವಂತದಿಂದ ಎಂದು ದಾಕ್ಷಾಯಣಮ್ಮನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಹೊಳೆದದ್ದನ್ನು ಹೇಳೋಣವೆಂದರೆ ಬಾಯಿ ತೆರೆಯುವಂತಿರಲಿಲ್ಲ.

ಡಬ್ಬಿಗಳು ಬರಿದಾದವು. ಸೌಟು ತಳಕ್ಕೆ ತಾಗಿ ಕಣಕಣ ಸದ್ದು ಮಾಡಿತು. ಮುಗಿಯಿತಪ್ಪ ಎಂದು ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಯಂತ್ರ "ಹಿಂದಿನ ಸಾಲಿಗೆ ಬಂದಿಲ್ಲ ನೋಡ್ರಪ್ಪೋ" ಎಂದು ತನಗೆ ತಾನೇ ಕೂಗಿಕೊಂಡು ಅಡುಗೆಮನೆಗೆ ನುಗ್ಗಿತು. ಒಳಗೆ ಪಾತ್ರೆಗಳು ಉರುಳಿದವು. ಮಂಡಕ್ಕಿ ಪೊಟ್ಟಣ ಒಡೆದ ಸದ್ದು ಕೇಳಿತು. ಹೊರಗೆ ಬಂದಾಗ ಯಂತ್ರದ ಟೋಪಿಯ ತುಂಬ ಮಂಡಕ್ಕಿ, ಸೌಟಿನ ತುಂಬ ಮಿರ್ಚಿ. ಹಸಿಮೆಣಸಿನಕಾಯಿಯನ್ನು ಇಡಿಯಾಗಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು. ಎಂಥ ಗಂಡಾಳಿನ ಕಣ್ಣಲ್ಲೂ ನೀರು ತರಿಸುವಂಥದ್ದು.

ಅದೇ ಹೊತ್ತಿಗೆ ಗುಂಡ, ಸದ್ದಿಗೆ ಹೆದರಿಯೋ ಏನೋ, ಮುಖ ತಿರುಗಿಸಿದ.

"ಕೂತೋರು ನಾಚ್ಕೋತಾರೆ" ಎಂದು ಯಂತ್ರ ಕುರ್ಚಿಯತ್ತ ಹೊರಟಿತು.

"ಮಾವಾ!" ಎಂದು ಚೇತನಾ ಚೀರಿ, ಶಿವ ಮೆಚ್ಚಲಿ ಬಿಡಲಿ ಎಂದು ಎಲೆ ಎಸೆದು ಓಡಿಬಂದಳು. ನಾಲ್ಕು ಹೆಜ್ಜೆಗೆ ಕುಂಬಳಕಾಯಿ ತುಳಿದು ಜಾರಿ ಬಿದ್ದಳು. ಅವಳನ್ನು ಹಿಡಿಯಲು ಬಂದ ಪಂಚಾಕ್ಷರಪ್ಪನವರು ಅವಳಿಗಿಂತ ಜೋರಾಗಿ ಬಿದ್ದರು. ಬಕ್ಕೇಶಪ್ಪ ಪಾಯಸದ ಎಲೆ ಹಿಡಿದುಕೊಂಡೇ "ಬ್ಯಾಡಾ, ಬ್ಯಾಡಾ" ಎಂದು ಬಡಬಡಿಸಿದರು. ಅದನ್ನು ಕೇಳಿ ಯಂತ್ರದ ಉತ್ಸಾಹ ಇಮ್ಮಡಿಸಿತು. ಸೌಟು ಮೇಲೆದ್ದು ಗುಂಡನ ಮುಖದ ನೇರಕ್ಕೆ ಬಂತು. ಗುಂಡ ತುಟಿ ಬಿಗಿದ, ಆಮೇಲೆ ತಡೆಯಲಾರದೆ ಅಳಲು ಬಾಯಿ ತೆರೆದ.

ದಾಕ್ಷಾಯಣಮ್ಮ ಕುರ್ಚಿಗೂ ಸೌಟಿಗೂ ನಡುವೆ ಧಡಾರನೆ ಬಂದು ಕೂತರು. ಎಲೆ ತೊಡೆಯ ಮೇಲೆ ಇತ್ತು, ತಲೆಯ ಸೆರಗು ಜಾರಿತ್ತು. ಅವರಿಗೆ ಭಯ ಮೀರಿ ಸಿಟ್ಟು ಬಂದಿತ್ತು. ಯಂತ್ರದ ಮೇಲೆ, ಗಂಡನ ಮೇಲೆ, ಅಷ್ಟು ವರ್ಷ ಉಳಿದದ್ದನ್ನು ಉಂಡ ತಮ್ಮ ಮೇಲೆ.

"ಅದಕ್ಕೆ ಯಾಕೋ ಹಾಕ್ತೀ? ಇಲ್ಲಿ ಹಾಕು. ನಂಗೆ ಹಸಿವಾಗೈತೆ. ನಂಗೆ ಬೇಕು. ಇನ್ನೂ ಬೇಕು, ಹಾಕು" ಎಂದರು.

ಊಟದ ವಿಷಯದಲ್ಲಿ ದಾಕ್ಷಾಯಣಮ್ಮನ ಬಾಯಿಂದ ಬೇಕು ಎಂಬ ಮಾತು ಬಂದದ್ದನ್ನು ಪಂಚಾಕ್ಷರಪ್ಪನವರು ಕೇಳಿದ್ದು ಅದೇ ಮೊದಲು. ಅವರು ಬಿದ್ದಲ್ಲೇ ಕಣ್ಣು ಕಣ್ಣು ಬಿಟ್ಟರು.

ಯಂತ್ರ ನಿಂತುಬಿಟ್ಟಿತು. ಸೌಟು ಗಾಳಿಯಲ್ಲೇ ನಡುಗಿತು. ಹೊಟ್ಟೆಯೊಳಗೆ ಏನೇನೋ ಗಿರಗಿರ ತಿರುಗಿದ ಸದ್ದು ಬಂತು. ಸೌಟನ್ನು ಮೆಲ್ಲಗೆ ಬಕೆಟ್ಟಿಗೆ ಇಳಿಸಿತು, ದಾಕ್ಷಾಯಣಮ್ಮನ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿತು. ಆಮೇಲೆ ತುಂಬ ಆದರದಿಂದ ಒಂದೇ ಮಾತು ಹೇಳಿತು.

"ತಂದೆ."

ಪಂಚಾಕ್ಷರಪ್ಪನವರ ಕಣ್ಣು ತುಂಬಿಬಂತು. ಕುಂಬಳಕಾಯಿಯ ನಡುವೆ ಎದ್ದು ಕೂತು ಕೈ ಚಾಚಿದರು. "ಕೇಳಿದ್ಯೇನೇ? ನನ್ನ ತಂದೆ ಅಂತು! ಹೆತ್ತೋರನ್ನ ಗುರುತು ಹಿಡೀತು ನೋಡೇ. ಬಾ ಕಂದಾ, ಬಾ."

"ತಂದೆ, ತಂದೆ" ಎನ್ನುತ್ತ ಯಂತ್ರ ಅವರ ಪಕ್ಕದಲ್ಲೇ ಹಾದುಹೋಯಿತು. ಹೊಸ್ತಿಲು ಇಳಿಯಿತು, ಗೇಟು ದಾಟಿತು, ರಸ್ತೆಯಲ್ಲಿ ಆಟೋ ಒಂದಕ್ಕೆ ದಾರಿ ಬಿಟ್ಟುಕೊಟ್ಟು ಮೂಲೆಯಲ್ಲಿ ತಿರುಗಿ ಮರೆಯಾಯಿತು. ತಂದೆಯವರು ಜಾರುತ್ತ ಏಳುತ್ತ ಬರಿಗಾಲಲ್ಲಿ ಹಿಂದೆ ಓಡಿದರು. ಎಲೆ ಹಿಡಿದೇ ಬಕ್ಕೇಶಪ್ಪ ಅವರ ಹಿಂದೆ ಓಡಿದರು.

ಚೇತನಾ ನೆಲದಲ್ಲೇ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ದಾಕ್ಷಾಯಣಮ್ಮ ಮೊಮ್ಮಗನ ಪಟ್ಟಿ ಬಿಚ್ಚಿ ಇಳಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಅಳು ನಿಂತಿತು. ಹಸಿವು ನಿಜವಾಗಿಯೂ ಕೆರಳಿತ್ತು, ಎಲೆ ತೊಡೆಯ ಮೇಲೆಯೇ ಇತ್ತು. ಯಾರಿಗೂ ಬಡಿಸುವುದಿರಲಿಲ್ಲ, ಯಾರಿಗೂ ಕಾಯುವುದಿರಲಿಲ್ಲ. ಅವರು ಒಂದು ತುಂಡು ಗೆಣಸು ಮುರಿದು ಬಾಯಿಗೆ ಹಾಕಿಕೊಂಡರು. ಚೆನ್ನಾಗಿ ಬೆಂದಿತ್ತು. ಇನ್ನೊಂದು ಹಾಕಿಕೊಂಡರು.

ಆಗ ಎಲೆಯ ಅಂಚಿನಲ್ಲಿ ಒಂದು ಪುಟ್ಟ ಕೈ ಕಾಣಿಸಿತು.

ಚೇತನಾ ತಿಕ್ಕುವುದನ್ನು ನಿಲ್ಲಿಸಿದಳು. ದಾಕ್ಷಾಯಣಮ್ಮ ಅಗಿಯುವುದನ್ನು ನಿಲ್ಲಿಸಿದರು. ಗುಂಡ ಅಜ್ಜಿಯ ಬಾಯಿಯನ್ನು ನೋಡಿದ, ಎಲೆಯನ್ನು ನೋಡಿದ, ಒಂದು ಕುಂಬಳದ ತುಂಡನ್ನು ಹಿಡಿದು ಹಿಚುಕಿದ. ಬೆರಳ ಸಂದಿಯಿಂದ ಅರ್ಧ ಹೊರಗೆ ಬಂತು. ಮಿಕ್ಕರ್ಧವನ್ನು ಮೂಗಿಗೆ ಒರೆಸಿ, ಕೆನ್ನೆಗೆ ಒರೆಸಿ, ಕೊನೆಗೆ ಬಾಯಿಗೆ ಇಟ್ಟ. ವಸಡು ಆಡಿತು. ತಟಕ್ಕನೆ ಮುಖ ಕೆಂಪಾಗಿ ಓಕ್ ಎಂದ.

ದಾಕ್ಷಾಯಣಮ್ಮನ ಜೀವ ಬಾಯಿಗೆ ಬಂತು. ಕೈ ಅವನ ಬಾಯಿಯತ್ತ ಹಾರಿತು.

"ತಡೀರಿ ಅತ್ತೆ. ಸದ್ದು ಬರ್ತೈತಲ್ಲ, ಸಿಕ್ಕಾಕ್ಕೊಂಡಿಲ್ಲ. ಅವನೇ ಸರಿ ಮಾಡ್ಕೋತಾನೆ" ಎಂದು ಚೇತನಾ ತಾನೂ ಮಗನ ಮುಖದಿಂದ ಕಣ್ಣು ಕೀಳದೆ ಪಿಸುಗುಟ್ಟಿದಳು.

ಗುಂಡ ನಾಲಿಗೆಯಿಂದ ತುಂಡನ್ನು ಮುಂದಕ್ಕೆ ತಂದ, ಮತ್ತೆ ಅರೆದ, ನುಂಗಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಇನ್ನೊಂದಕ್ಕೆ ಕೈ ಹಾಕಿದ. ಅದನ್ನೂ ನುಂಗಿದ. ಮೂರನೆಯದನ್ನು ಹಿಡಿದು, ಯೋಚಿಸಿ, ಎಲೆಯ ಮೇಲೆ ಬಿಟ್ಟು ಮುಖ ತಿರುಗಿಸಿದ.

ಅಷ್ಟರಲ್ಲಿ ದಾಕ್ಷಾಯಣಮ್ಮನ ಬೆರಳುಗಳು ರೂಢಿಯಂತೆ ಒಂದು ತುತ್ತು ಮಾಡಿಬಿಟ್ಟಿದ್ದವು. "ಇನ್ನೊಂದೇ ಒಂದು..." ಎಂದು ಬಾಯಿ ಶುರು ಮಾಡಿತ್ತು. ಆ ಮಾತು ಕಿವಿಗೆ ಬಿದ್ದೊಡನೆ ಅವರಿಗೆ ಮೈ ಜುಂ ಎಂದಿತು. ಕೈ ಅಲ್ಲೇ ನಿಂತಿತು.

"ಸಾಕೇನಪ್ಪಾ?" ಎಂದರು ಮೆಲ್ಲಗೆ. "ಸಾಕಾದ್ರೆ ಸಾಕು ಬಿಡು."

ಆ ತುತ್ತನ್ನು ತಾವೇ ತಿಂದರು. ಚೇತನಾ ತೆವಳಿಕೊಂಡು ಹತ್ತಿರ ಬಂದು ಅತ್ತೆಯ ಭುಜಕ್ಕೆ ಹಣೆ ಒತ್ತಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ನಾಳೆ ಬೆಳಗ್ಗೆ ನಿಶ್ಚಿಂತೆಯಾಗಿ ಶಾಲೆಗೆ ಹೋಗು" ಎಂದರು ದಾಕ್ಷಾಯಣಮ್ಮ. "ನಾವಿಬ್ರೂ ಒಟ್ಟಿಗೆ ಕೂತು ಉಣ್ತೀವಿ. ಅವನಿಗೆ ಎಷ್ಟು ಬೇಕೋ ಅಷ್ಟು, ನಂಗೆ ಎಷ್ಟು ಬೇಕೋ ಅಷ್ಟು."

ಬಕ್ಕೇಶಪ್ಪ ಏದುಸಿರು ಬಿಡುತ್ತ ಒಬ್ಬರೇ ವಾಪಸ್ಸು ಬಂದರು. ಪೇಟೆಯೆಲ್ಲ ಹುಡುಕಿದ್ದಾಯಿತು, ಯಂತ್ರದ ಸುಳಿವಿಲ್ಲ ಎಂದರು. ಓಡುವ ದಾರಿಯಲ್ಲಿ ಅವರಿಗೊಂದು ಮಾತು ನೆನಪಾಗಿತ್ತು. ಕೊನೆಯ ಪಂಕ್ತಿಯಲ್ಲಿ ಆಗೊಬ್ಬ ಈಗೊಬ್ಬ ನಾಚಿಕೆ ಬಿಟ್ಟು ಹೋಳಿಗೆ ಬೇಕು ಎಂದು ಕೇಳಿದ್ದೂ ವಿಡಿಯೋಗಳಲ್ಲಿ ಇತ್ತಂತೆ. ಆಗ ಬಡಿಸುವವನು ಏನು ಮಾಡುತ್ತಾನೆಂಬುದೂ ಇತ್ತಂತೆ.

ಹೊತ್ತು ಮುಳುಗಿತು. ಪಂಚಾಕ್ಷರಪ್ಪನವರು ಗೇಟಿಗೆ ಒರಗಿ ರಸ್ತೆಯ ತಿರುವಿನಲ್ಲೇ ಕಣ್ಣಿಟ್ಟು ನಿಂತಿದ್ದರು. ನನ್ನನ್ನು ತಂದೆ ಅಂತ ಕರೆದದ್ದು ಬರದೇ ಇರುತ್ತದೆಯೇ ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದರು. ದಾಕ್ಷಾಯಣಮ್ಮ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದರು.

"ಒಳಗೆ ಬರ್ರಿ" ಎಂದರು. "ಹೋಳಿಗೆ ತಂದೆ ಅಂತ ಹೇಳಿಹೋದೋನು ಯಾವ ಮದುವೇಲಿ ತಿರುಗಿ ಬಂದಾನೆ?"